ನಾಲ್ಕು ಪುಟ ಯಾಕೆ ಅಂತೀರಾ?

ಕೇರಳದ ಕಮ್ಯುನಿಸ್ಟ್ ನಾಯಕ ಇ.ಎಂ.ಎಸ್. ನಂಬೂದಿರಿಪಾಡರ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಪುಟದ ಲೇಖನ ಹಾಕಿದ್ದೆವು. ಓದುಗರೊಬ್ಬರಿಗೆ ಸಿಟ್ಟು ಬಂದಿದೆ. ‘ಸೋತ ಸಿದ್ಧಾಂತದ ಪಂಡಿತನಿಗೆ ನಾಲ್ಕು ಪುಟವೇ? ಮುಖ್ಯಮಂತ್ರಿ ಆಗಿದ್ದು ಎರಡು ಸಲ, ಎರಡೂ ಸಲ ಅರ್ಧಕ್ಕೇ ಮುಗಿಯಿತು. ಮಲಯಾಳ ಮಾತಾಡುವ ನಾಡೆಲ್ಲ ಒಂದಾಗಲಿ, ಐಕ್ಯ ಕೇರಳ ಆಗಲಿ ಅಂತ ಹೋರಾಡಿದವರಲ್ಲಿ ಇವರೂ ಒಬ್ಬರು, ಕಾಸರಗೋಡು ಹೋಗಿದ್ದು ಮರೆತಿರಾ?’ ಎಂದು ಕೇಳಿದ್ದಾರೆ.

ಮರೆತಿಲ್ಲ ಸ್ವಾಮಿ. 1956ರ ನವೆಂಬರ್ 1, ನಮ್ಮ ರಾಜ್ಯ ಹುಟ್ಟಿದ ದಿನವೇ ಕಾಸರಗೋಡು ಕೈತಪ್ಪಿತು. ಅಧಿಕಾರದ ಲೆಕ್ಕವೂ ನಿಮ್ಮದೇ ಸರಿ. 1957ರ ಏಪ್ರಿಲ್‌ನಲ್ಲಿ ಬಂದ ಸರ್ಕಾರವನ್ನು 1959ರ ಜುಲೈ 31ರಂದು ಕೇಂದ್ರ ವಜಾ ಮಾಡಿತು. 1967ರದ್ದು 1969ರಲ್ಲಿ ಬಿತ್ತು. ಇಷ್ಟು ಒಪ್ಪಿದೆ.

ಆದರೂ ಆ ಮನುಷ್ಯನ ಮೇಲೆ ನನಗೆ ಮಮತೆ. ಕಾರಣ ಒಂದೇ, ಅವರು ಬರೆಯುತ್ತಿದ್ದರು. ತಮ್ಮ ಕೈಯಾರೆ, ತಮ್ಮ ಜನರ ಭಾಷೆಯಲ್ಲಿ, ವರ್ಷಗಟ್ಟಲೆ.

ತುಂಬಾ ಹಿಂದೆ ಕಣ್ಣೂರಿನಲ್ಲಿ ಬೀಡಿ ಕಟ್ಟುವ ಶೆಡ್ಡೊಂದಕ್ಕೆ ಗೆಳೆಯ ಕರೆದುಕೊಂಡು ಹೋಗಿದ್ದ. ಸಾಲಾಗಿ ಕೂತವರ ತೊಡೆಯ ಮೇಲೆ ಮೊರ, ಮೊರದಲ್ಲಿ ಎಲೆ, ಹೊಗೆಸೊಪ್ಪು. ಒಬ್ಬ ಮಾತ್ರ ಬೀಡಿ ಕಟ್ಟುತ್ತಿರಲಿಲ್ಲ. ಅವನು ಪೇಪರ್ ಓದುತ್ತಿದ್ದ, ಗಟ್ಟಿಯಾಗಿ. ಅವನ ಪಾಲಿನ ಬೀಡಿಯನ್ನು ಉಳಿದವರು ಹಂಚಿಕೊಂಡು ಕಟ್ಟುತ್ತಿದ್ದರು. ಅಲ್ಲಿನ ಹಳೇ ಪದ್ಧತಿ ಅದು. ಆವತ್ತು ಓದುತ್ತಿದ್ದದ್ದು ಇ.ಎಂ.ಎಸ್. ಲೇಖನ. ನಡುವೆ ಒಬ್ಬ ಮುದುಕ ದಾರ ಸುತ್ತುತ್ತಿದ್ದ ಕೈ ನಿಲ್ಲಿಸಿ ಏನೋ ಅಂದ. ಓದುವವನು ಹಿಂದಿನ ಸಾಲನ್ನೇ ಮತ್ತೆ ಓದಿದ. ಮುದುಕ ತಲೆ ಆಡಿಸಿದ, ಒಪ್ಪಿಗೆಗಲ್ಲ, ‘ಇಲ್ಲ’ ಅಂತ. ಆಮೇಲೆ ಅಲ್ಲೊಂದು ಜಗಳವೇ ಶುರುವಾಯಿತು. ನನಗೆ ಮಲಯಾಳ ಅರ್ಧಂಬರ್ಧ ಬರುತ್ತೆ, ಏನು ವಾದ ಅಂತ ಪೂರ್ತಿ ತಿಳಿಯಲಿಲ್ಲ. ಆದರೆ ನನ್ನ ಸಂಪಾದಕೀಯಕ್ಕೆ ಯಾರೂ ಹಾಗೆ ಕೆಲಸ ನಿಲ್ಲಿಸಿ ಜಗಳ ಆಡಿದ್ದಿಲ್ಲ.

ಇ.ಎಂ.ಎಸ್. ಹುಟ್ಟಿದ್ದು 1909ರಲ್ಲಿ, ಕೇರಳದ ಏಲಂಕುಳಂನ ದೊಡ್ಡ ಜಮೀನ್ದಾರ ನಂಬೂದಿರಿ ಬ್ರಾಹ್ಮಣರ ಮನೆಯಲ್ಲಿ. ಚಿಕ್ಕಂದಿನಲ್ಲಿ ಅರ್ಥ ಗೊತ್ತಿಲ್ಲದೆ ಋಗ್ವೇದ ಬಾಯಿಪಾಠ. ಮುಂದೆ ಆಸ್ತಿ ಮಾರಿ ಹಣವನ್ನು ಪಕ್ಷಕ್ಕೆ ಕೊಟ್ಟರು. ಮಾತಿನಲ್ಲಿ ಉಗ್ಗು. ‘ಯಾವಾಗಲೂ ಉಗ್ಗುತ್ತೀರಾ?’ ಅಂತ ಯಾರೋ ಕೇಳಿದ್ದಕ್ಕೆ ‘ಇಲ್ಲ, ಮಾತಾಡುವಾಗ ಮಾತ್ರ’ ಅಂದರಂತೆ. ಅಂಥವರು ‘ಚಿಂತ’ ವಾರಪತ್ರಿಕೆಯಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಾ ಕೂರುತ್ತಿದ್ದರು. ಪಕ್ಷದ ಪ್ರಧಾನ ಕಾರ್ಯದರ್ಶಿಗೆ ಅದು ಬೇಕಿತ್ತಾ ಹೇಳಿ! ನಿಮ್ಮ ಒಂದು ಪತ್ರಕ್ಕೆ ಉತ್ತರ ಬರೆಯೋದರಲ್ಲೇ ನನ್ನ ಚಹಾ ಎರಡು ಸಲ ಆರಿತು.

ಬರೆದಿದ್ದರಿಂದ ಪೆಟ್ಟೂ ತಿಂದರು. ಅವರ ತಪ್ಪುಗಳೆಲ್ಲ ಅಚ್ಚಾಗಿ ಕೂತಿವೆ, ನಿಮ್ಮಂಥವರಿಗೆ ಸುಲಭವಾಗಿ ಸಿಗುತ್ತವೆ. ಸಾಹಿತ್ಯದಲ್ಲಿ ಏನು ಹೇಳುತ್ತೇವೆ ಅನ್ನೋದರ ಜೊತೆಗೆ ಹೇಳುವ ರೂಪಕ್ಕೂ ಬೆಲೆ ಕೊಡಬೇಕು ಎಂದ ವಿಮರ್ಶಕ ಜೋಸೆಫ್ ಮುಂಡಶ್ಶೇರಿಯವರಿಗೂ ಇವರ ಕಡೆಯವರಿಗೂ 1940ರ ದಶಕದಲ್ಲಿ ಜೋರು ಜಟಾಪಟಿ ನಡೆದಿತ್ತು. 1957ರಲ್ಲಿ ಅದೇ ಮುಂಡಶ್ಶೇರಿ ಇವರ ಸಂಪುಟದ ಶಿಕ್ಷಣ ಸಚಿವರಾದರು. ಆವತ್ತಿನ ತಮ್ಮ ಕಡೆಯ ನಿಲುವಿನಲ್ಲಿ ತಪ್ಪಿತ್ತು ಎಂದು ಕೊನೆಗಾಲದಲ್ಲಿ ಇ.ಎಂ.ಎಸ್. ಒಪ್ಪಿಕೊಂಡರು.

ಇನ್ನೊಂದು ಪ್ರಸಂಗ ನನಗೆ ಜಾಸ್ತಿ ಇಷ್ಟ. 1967ರಲ್ಲಿ, ಮುಖ್ಯಮಂತ್ರಿಯಾಗಿದ್ದಾಗಲೇ, ನ್ಯಾಯಾಂಗ ದಬ್ಬಾಳಿಕೆಯ ಸಾಧನ ಅಂತ ಮಾರ್ಕ್ಸ್, ಏಂಗೆಲ್ಸ್ ಹೆಸರು ಹೇಳಿ ಪತ್ರಕರ್ತರ ಮುಂದೆ ಮಾತಾಡಿದರು. ನ್ಯಾಯಾಂಗ ನಿಂದನೆಯ ಕೇಸು ಬಿತ್ತು. ಹೈಕೋರ್ಟು ಒಂದು ಸಾವಿರ ರೂಪಾಯಿ ದಂಡ ಹಾಕಿತು. 1970ರಲ್ಲಿ ಸುಪ್ರೀಂ ಕೋರ್ಟು ಇವರು ತಪ್ಪಿತಸ್ಥರೆಂಬ ತೀರ್ಮಾನವನ್ನು ಎತ್ತಿಹಿಡಿದು ದಂಡವನ್ನು 50 ರೂಪಾಯಿಗೆ ಇಳಿಸಿತು. ಸುಮ್ನೆ ಇಳಿಸಲಿಲ್ಲ. ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ಮಾರ್ಕ್ಸ್, ಏಂಗೆಲ್ಸ್, ಲೆನಿನ್‌ರ ಬರಹಗಳನ್ನೇ ಮುಂದಿಟ್ಟುಕೊಂಡು, ಇವರು ಅದನ್ನು ಸರಿಯಾಗಿ ಅರ್ಥ ಮಾಡಿಕೊಂಡಿಲ್ಲ ಅಥವಾ ಬೇಕಂತಲೇ ತಿರುಚಿದ್ದಾರೆ ಅಂತ ತೀರ್ಪಿನಲ್ಲಿ ಬರೆದರು. ಮಾರ್ಕ್ಸ್‌ವಾದಿಗೆ ನ್ಯಾಯಮೂರ್ತಿಯಿಂದ ಮಾರ್ಕ್ಸ್ ಪಾಠ! ಎರಡೂ ಕಡೆಯವರು ಓದಿಕೊಂಡಿದ್ದರು, ಅಲ್ವಾ? ಈಗ ಅಂಥ ಜಗಳ ನೋಡೋಕೆ ಎಲ್ಲಿಗೆ ಹೋಗಲಿ?

ಸೋತ ಸಿದ್ಧಾಂತ ಅಂದಿರಿ. ಗೆದ್ದವರ ಬರಹ ಹಾಕೋಣ ಅಂತ ನಾನೂ ಹೊರಟಿದ್ದೆ. ಎರಡು ವರ್ಷದ ಹಿಂದೆ ವಿಶೇಷಾಂಕಕ್ಕೆ ಒಬ್ಬ ನಾಯಕರ ಹತ್ತಿರ ಲೇಖನ ಕೇಳಿದೆ. ಪಕ್ಷ ಯಾವುದು ಅಂತ ಕೇಳಬೇಡಿ. ‘ಬರೆದು ಕಳಿಸ್ತೀನಿ’ ಅಂದರು. ನಾಲ್ಕನೇ ದಿನ ಅವರ ಆಪ್ತ ಸಹಾಯಕರಿಂದ ಅಚ್ಚುಕಟ್ಟಾಗಿ ಟೈಪಾಗಿ ಬಂತು. ‘ನನ್ನ ಬಾಲ್ಯ’ ಎಂಬ ಭಾಗವೂ ಇತ್ತು. ಮೂರನೇ ಪುಟದಲ್ಲಿ ತಾಯಿ ಮಗನನ್ನು ಹೆಸರು ಹಿಡಿದು ಕರೆಯುತ್ತಾರೆ. ಹೆಸರು ಇನ್ನೊಬ್ಬ ನಾಯಕರದ್ದು. ಸಹಾಯಕರಿಗೆ ಫೋನ್ ಮಾಡಿ ಹೇಳಿದೆ. ‘ಅಯ್ಯೋ, ಅಲ್ಲೊಂದು ಉಳಿದುಬಿಟ್ಟಿತಾ ಸಾರ್? ನೀವೇ ತಿದ್ದಿಕೊಂಡುಬಿಡಿ’ ಅಂದರು.