ರಾತ್ರಿ ಎರಡು ಗಂಟೆಗೆ ಎಬ್ಬಿಸುವ ಬಾಯಾರಿಕೆ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಉಪ್ಪು ಮತ್ತು ನೀರಿನ ಬಗ್ಗೆಯೇ ಇದ್ದವು. ಒಂದಕ್ಕೊಂದು ನಂಟಿರುವ ಪ್ರಶ್ನೆಗಳಾದ್ದರಿಂದ ಒಟ್ಟಿಗೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಸಂಜೆ ಗೆಳೆಯರ ಜೊತೆ ಗೋಬಿ ಮಂಚೂರಿ ತಿಂದು ಬಂದ ದಿನ ರಾತ್ರಿ ಎರಡು ಗಂಟೆಗೆ ಗಂಟಲು ಒಣಗಿ ಎಚ್ಚರವಾಗುತ್ತದೆ. ಒಂದು ಚೊಂಬು ನೀರು ಕುಡಿದರೂ ಸಾಲದು. ಅಮ್ಮ ‘ಉಪ್ಪು ತಿಂದವನು ನೀರು ಕುಡಿಯಲೇಬೇಕು’ ಅಂತಾರೆ. ಗಾದೆ ಸರಿ, ಆದರೆ ಯಾಕೆ ಕುಡಿಯಬೇಕು? ಉಪ್ಪು ಬಾಯಿ ಒಣಗಿಸುತ್ತೆ, ಅಷ್ಟೇನಾ?
– ಓದುಗ, ದಾವಣಗೆರೆ

ಉತ್ತರ: ಬಾಯಿ ಒಣಗುವುದೂ ನಿಜ, ಆದರೆ ಅದು ಸಣ್ಣ ಭಾಗ. ಬಾಯಿಯೊಂದೇ ಕಾರಣವಾಗಿದ್ದರೆ ಮುಕ್ಕಳಿಸಿ ಉಗುಳಿದರೆ ಮುಗಿಯುತ್ತಿತ್ತು. ತಿಂದು ಆರೇಳು ಗಂಟೆ ಕಳೆದ ಮೇಲೆ ಗಾಢ ನಿದ್ದೆಯಿಂದ ಎಬ್ಬಿಸುತ್ತಿರಲಿಲ್ಲ. ನಿಮ್ಮನ್ನು ಎಬ್ಬಿಸಿದ್ದು ಮಿದುಳು.

ಅದು ಹೇಗೆ ಅಂತ ತಿಳಿಯಲು ಮೊದಲು ಅಡುಗೆಮನೆಗೆ ಹೋಗೋಣ. ಹೆಚ್ಚಿದ ಹಾಗಲಕಾಯಿಗೆ ಉಪ್ಪು ಸವರಿ ಅರ್ಧ ಗಂಟೆ ಇಟ್ಟರೆ ತಟ್ಟೆಯಲ್ಲಿ ನೀರು ನಿಲ್ಲುತ್ತದೆ, ಅಲ್ವಾ? ನಮ್ಮ ಮಲೆನಾಡಿನ ಮನೆಯಲ್ಲಿ ಅಜ್ಜಿ ಅಪ್ಪೆಮಿಡಿಯನ್ನು ಜಾಡಿಗೆ ತುಂಬುವಾಗ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು, ಮತ್ತೆ ಮಿಡಿ, ಮತ್ತೆ ಉಪ್ಪು ಅಂತ ಹಾಕುತ್ತಿದ್ದರು. ಒಂದು ಹನಿ ನೀರನ್ನೂ ಸೇರಿಸುತ್ತಿರಲಿಲ್ಲ. ಕೆಲವು ದಿನ ಬಿಟ್ಟು ಮುಚ್ಚಳ ತೆಗೆದರೆ ಒಳಗೆಲ್ಲಾ ಉಪ್ಪುನೀರು, ಅದರಲ್ಲಿ ಚಿರುಟಿದ ಮಿಡಿಗಳು. ಆ ನೀರು ಮಿಡಿಯೊಳಗಿನದು. ತೆಳು ಪೊರೆಯ ಒಂದು ಕಡೆ ಉಪ್ಪು ಜಾಸ್ತಿ, ಇನ್ನೊಂದು ಕಡೆ ಕಡಿಮೆ ಇದ್ದರೆ, ನೀರು ಉಪ್ಪು ಜಾಸ್ತಿ ಇರುವ ಕಡೆಗೆ ಹರಿಯುತ್ತದೆ.

ನಮ್ಮ ಮೈಯಲ್ಲೂ ಹೀಗೇ. 70 ಕೆಜಿ ತೂಕದ ಗಂಡಸಿನ ಮೈಯಲ್ಲಿ ಸುಮಾರು 42 ಲೀಟರ್ ನೀರಿರುತ್ತದೆ. ಅದರಲ್ಲಿ ಸುಮಾರು 28 ಲೀಟರ್ ಜೀವಕೋಶಗಳ ಒಳಗೆ, ಉಳಿದ 14 ಲೀಟರ್ ಹೊರಗೆ, ಅಂದರೆ ರಕ್ತದಲ್ಲಿ ಮತ್ತು ಜೀವಕೋಶಗಳ ಸುತ್ತ. ಉಪ್ಪಿನಲ್ಲಿರುವ ಸೋಡಿಯಂ ಮುಖ್ಯವಾಗಿ ಈ ಹೊರಗಿನ ನೀರಿನಲ್ಲೇ ಉಳಿಯುತ್ತದೆ. ಜೀವಕೋಶದ ಒಳಗೆ ನುಸುಳಿದರೂ ಅಲ್ಲಿರುವ ಪಂಪುಗಳು ಅದನ್ನು ಹೊರಗೆ ತಳ್ಳುತ್ತವೆ. ಹಾಗಾಗಿ ನೀವು ತಿಂದ ಗೋಬಿಯ ಉಪ್ಪು ಕರುಳಿನಿಂದ ರಕ್ತಕ್ಕೆ ಇಳಿದಾಗ ಹೊರಗಿನ ನೀರು ಸ್ವಲ್ಪ ಉಪ್ಪಾಗುತ್ತದೆ, ಜೀವಕೋಶಗಳ ಒಳಗಿನ ನೀರು ಅತ್ತ ಹರಿಯತೊಡಗುತ್ತದೆ. ಮಿಡಿ ಚಿರುಟಿದ ಹಾಗೆ ಅವೂ ತುಸು ಚಿರುಟುತ್ತವೆ.

ನನಗೆ ತುಂಬಾ ಇಷ್ಟವಾದ ಸಂಗತಿ ಇನ್ನು ಮುಂದೆ ಇದೆ. ರಕ್ತದಲ್ಲಿ ಇರುವುದೆಲ್ಲ ಮಿದುಳಿಗೆ ನುಗ್ಗದಂತೆ ಒಂದು ಬೇಲಿ ಇರುತ್ತದೆ. ಆದರೆ ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಎಂಬ ಭಾಗದ ಹತ್ತಿರ ಕೆಲವು ಪುಟ್ಟ ಜಾಗಗಳಲ್ಲಿ ಆ ಬೇಲಿ ಸಡಿಲವಾಗಿದೆ. ಅಲ್ಲಿಯ ನರಕೋಶಗಳು ರಕ್ತದ ಉಪ್ಪನ್ನು ನೇರವಾಗಿ ಅಳೆಯುತ್ತವೆ. ಅಳೆಯುವ ರೀತಿ ಏನು ಗೊತ್ತಾ? ಅವೇ ಚಿರುಟುತ್ತವೆ. ಚಿರುಟಿದ ಕೂಡಲೇ ‘ನೀರು ಬೇಕು’ ಅಂತ ಸುದ್ದಿ ಕಳಿಸುತ್ತವೆ. ರಕ್ತದ ಲವಣಾಂಶ ನೂರಕ್ಕೆ ಒಂದೋ ಎರಡೋ ಪಾಲು ಏರಿದರೆ ಸಾಕು, ಬಾಯಾರಿಕೆ ಶುರು. ನಮ್ಮ ನಾಲಿಗೆಗೆ ಸಾರಿನ ಉಪ್ಪಿನಲ್ಲಿ ಅಷ್ಟು ಸಣ್ಣ ವ್ಯತ್ಯಾಸ ಗೊತ್ತಾಗುವುದೇ ಕಷ್ಟ!

ಅದೇ ಹೊತ್ತಿಗೆ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಬಿಡುಗಡೆಯಾಗಿ ಕಿಡ್ನಿಗೆ ‘ನೀರು ಉಳಿಸು’ ಅನ್ನುತ್ತದೆ. ಮೂತ್ರ ಕಡಿಮೆಯಾಗಿ ಹಳದಿ ಬಣ್ಣ ಗಾಢವಾಗುತ್ತದೆ. ಇರುವ ನೀರನ್ನು ಕಿಡ್ನಿ ಉಳಿಸಬಲ್ಲದು ಅಷ್ಟೇ, ಹೊಸದಾಗಿ ತರಲಾರದು. ತರುವ ಕೆಲಸ ನಿಮ್ಮದು, ಅದಕ್ಕೇ ಎಬ್ಬಿಸುವುದು.

ಎಷ್ಟು ನೀರು ಬೇಕು ಅಂತ ಲೆಕ್ಕ ಹಾಕಬಹುದು. ಆಸ್ಪತ್ರೆಯಲ್ಲಿ ಹಾಕುವ ಸಲೈನ್ ಬಾಟಲಿಯಲ್ಲಿ ಲೀಟರಿಗೆ 9 ಗ್ರಾಂ ಉಪ್ಪಿರುತ್ತದೆ, ರಕ್ತದ ಹದಕ್ಕೆ ಹೊಂದುವಷ್ಟು. ಅಂದರೆ ಅರ್ಧ ಟೀ ಚಮಚ, ಸುಮಾರು 3 ಗ್ರಾಂ ಉಪ್ಪು ಜಾಸ್ತಿ ತಿಂದರೆ, ಅದನ್ನು ಅದೇ ಹದಕ್ಕೆ ತರಲು ಸುಮಾರು ಮೂರನೇ ಒಂದು ಲೀಟರ್ ನೀರು ಬೇಕು. ಗೋಬಿಯಲ್ಲಿ ಅಷ್ಟು ಉಪ್ಪು ಎಲ್ಲಿಂದ ಬಂತು ಅನ್ನಬೇಡಿ. ಅದಕ್ಕೆ ಹಾಕುವ ಸೋಯಾ ಸಾಸ್ ಒಂದೇ ಒಂದು ದೊಡ್ಡ ಚಮಚದಲ್ಲಿ 2 ಗ್ರಾಂ ಮೀರಿ ಉಪ್ಪಿರುತ್ತದೆ. ಹಿಟ್ಟಿಗೆ ಬೇರೆ ಉಪ್ಪು, ಅಜಿನೊಮೊಟೊದಲ್ಲೂ ಸೋಡಿಯಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅಂತ.

ಹೀಗೆ ಕುಡಿದ ನೀರು ಉಪ್ಪಿನ ಜೊತೆ ಮೈಯಲ್ಲೇ ನಿಲ್ಲುತ್ತದೆ. ಮರುದಿನ ಮುಖ ಊದಿದಂತೆ ಕಾಣುವುದು, ಉಂಗುರ ಬಿಗಿಯಾಗುವುದು, ತೂಕ ಅರ್ಧ ಕೆಜಿ ಏರುವುದು ಇದರಿಂದಲೇ. ಕಿಡ್ನಿ ಎಲ್ಲವನ್ನೂ ಹೊರಹಾಕಲು ಒಂದೆರಡು ದಿನ ಬೇಕು.

ಚೊಂಬು ಕುಡಿದರೂ ಸಾಲದು ಅಂದಿರಲ್ಲ, ಅದಕ್ಕೂ ಕಾರಣವಿದೆ. ಕುಡಿದ ನೀರು ರಕ್ತ ಸೇರಿ ಹದ ಸರಿಯಾಗಲು ಹತ್ತಾರು ನಿಮಿಷ ಬೇಕು. ಮಿದುಳು ಅಷ್ಟು ಹೊತ್ತು ಕಾಯುವುದಿಲ್ಲ. ಗಂಟಲಲ್ಲಿ ಇಳಿದ ಗುಟುಕುಗಳಿಂದಲೇ ಅಂದಾಜು ಮಾಡಿ ‘ಸದ್ಯಕ್ಕೆ ಸಾಕು’ ಅನ್ನುತ್ತದೆ. ಹಾಗೆ ಅನ್ನದಿದ್ದರೆ ನಾವು ಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಕುಡಿದುಬಿಡುತ್ತಿದ್ದೆವು. ಆಮೇಲೆ ರಕ್ತವನ್ನು ಮತ್ತೆ ಅಳೆದು, ಇನ್ನೂ ಉಪ್ಪಿದ್ದರೆ ಮತ್ತೆ ಕೇಳುತ್ತದೆ. ಆಗ ಇನ್ನೊಂದು ಲೋಟ ಕುಡಿದು ಮಲಗಿ, ಸಾಕು.

ಗಾದೆಗೆ ಒಂದು ತಿದ್ದುಪಡಿಯೂ ಇದೆ. ಮಾಸ್ಕೋದಲ್ಲಿ ಮಂಗಳಯಾನದ ಅಭ್ಯಾಸಕ್ಕಾಗಿ ತಿಂಗಳುಗಟ್ಟಲೆ ಮುಚ್ಚಿದ ಜಾಗದಲ್ಲಿದ್ದ ಗಂಡಸರಿಗೆ ವಾರಗಟ್ಟಲೆ ದಿನಕ್ಕೆ 12 ಗ್ರಾಂ, ಆಮೇಲೆ 9, ಆಮೇಲೆ 6 ಗ್ರಾಂ ಹೀಗೆ ಅಳೆದು ಉಪ್ಪು ಕೊಟ್ಟು ನೋಡಿದ್ದರು. 2017ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಉಪ್ಪು ಜಾಸ್ತಿ ಇದ್ದ ವಾರಗಳಲ್ಲಿ ಅವರು ನೀರು ಜಾಸ್ತಿ ಕುಡಿಯಲಿಲ್ಲ, ಬದಲಿಗೆ ಕಡಿಮೆ ಕುಡಿದರು! ದಿನಾ ಉಪ್ಪು ಬರುತ್ತಿದ್ದರೆ ಕಿಡ್ನಿ ನೀರನ್ನು ಇನ್ನೂ ಬಿಗಿಯಾಗಿ ಹಿಡಿಯಲು ಕಲಿಯುತ್ತದೆ, ಆದರೆ ಆ ಕೆಲಸಕ್ಕೆ ಶಕ್ತಿ ಖರ್ಚಾಗುತ್ತದೆ. ಅವರಿಗೆ ಜಾಸ್ತಿಯಾಗಿದ್ದು ಹಸಿವು. ಹಾಗಾಗಿ ದಿನಾ ಉಪ್ಪಿನಕಾಯಿ, ಹಪ್ಪಳ, ಕುರುಕಲು ತಿಂದು ‘ನನಗೇನೂ ಬಾಯಾರಲ್ಲ, ಹಾಗಾಗಿ ಉಪ್ಪು ಜಾಸ್ತಿ ಆಗಿಲ್ಲ’ ಅಂದುಕೊಳ್ಳಬೇಡಿ.

ಪ್ರಶ್ನೆ: ಸಮುದ್ರದ ನೀರೂ ನೀರೇ ಅಲ್ವಾ? ದಾಹ ಜಾಸ್ತಿ ಆದಾಗ ಸ್ವಲ್ಪ ಕುಡಿದರೆ ಏನಾಗುತ್ತೆ ಅಂತ ಮಗಳು ಕೇಳ್ತಾಳೆ.
– ಓದುಗರು, ಕಾರವಾರ

ಉತ್ತರ: ಈಜುವಾಗ ಒಂದೆರಡು ಗುಟುಕು ಒಳಗೆ ಹೋದರೆ ಏನೂ ಆಗದು. ದಾಹಕ್ಕೆ ಕುಡಿದರೆ ದಾಹ ಹೆಚ್ಚುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ. ಮನುಷ್ಯನ ಕಿಡ್ನಿ ಅಷ್ಟು ಉಪ್ಪಾದ ಮೂತ್ರ ಮಾಡಲಾರದು. ಹಾಗಾಗಿ ಒಂದು ಲೀಟರ್ ಕುಡಿದರೆ ಅದರ ಉಪ್ಪನ್ನು ಹೊರಹಾಕಲು ಒಂದು ಲೀಟರಿಗಿಂತ ಜಾಸ್ತಿ ನೀರು ಬೇಕು, ಆ ಬಾಕಿ ಮೈಯೊಳಗಿನಿಂದಲೇ ಹೋಗುತ್ತದೆ. ಮಗಳನ್ನು ಒಮ್ಮೆ ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳಿಗೆ ಕರೆದುಕೊಂಡು ಹೋಗಿ. ನೀರು ಬಿಸಿಲಿಗೆ ಆರಿದ ಮೇಲೆ ಎಷ್ಟು ಉಪ್ಪು ಉಳಿಯುತ್ತದೆ ಅಂತ ಕಣ್ಣಾರೆ ನೋಡಲಿ.

ಪ್ರಶ್ನೆ: ಅತ್ತೆಗೆ 78 ವರ್ಷ. ಊಟಕ್ಕೆ ಉಪ್ಪಿನಕಾಯಿ ಬೇಕೇ ಬೇಕು, ನೀರು ಮಾತ್ರ ಬೇಡ. ‘ಬಾಯಾರಿಕೇನೇ ಆಗಲ್ಲ’ ಅಂತಾರೆ. ಒಂದು ಸಲ ಬೇಸಿಗೆಯಲ್ಲಿ ತಲೆ ಸುತ್ತಿ ಬಿದ್ದಿದ್ದರು. ಬಲವಂತ ಮಾಡಬೇಕಾ?
– ಓದುಗರು, ಬಳ್ಳಾರಿ

ಉತ್ತರ: ಅವರು ಸುಳ್ಳು ಹೇಳುತ್ತಿಲ್ಲ, ಹಟವನ್ನೂ ಮಾಡುತ್ತಿಲ್ಲ. ವಯಸ್ಸಾದಂತೆ ಮಿದುಳಿನ ಆ ಕರೆ ಮೆತ್ತಗಾಗುತ್ತದೆ. ರಕ್ತ ಉಪ್ಪಾಗಿದ್ದರೂ ಬಾಯಾರಿಕೆ ಅಷ್ಟಾಗಿ ತಿಳಿಯುವುದಿಲ್ಲ. ನೀರು ಉಳಿಸುವ ಕಿಡ್ನಿಯ ಶಕ್ತಿಯೂ ಕುಗ್ಗಿರುತ್ತದೆ. ನಮ್ಮ ಅಜ್ಜಿಗೂ ಕೊನೆಯ ವರ್ಷಗಳಲ್ಲಿ ಹೀಗೇ ಆಗಿತ್ತು, ನಾವು ಅದನ್ನು ಸುಮ್ನೆ ಅವರ ಸ್ವಭಾವ ಅಂದುಕೊಂಡು ಬಿಟ್ಟಿದ್ದೆವು. ಆಗ ಗೊತ್ತಿದ್ದಿದ್ದರೆ ಅಂತ ಈಗಲೂ ಅನಿಸುತ್ತದೆ.

ಬಲವಂತ ಬೇಡ, ಹೊತ್ತು ಗೊತ್ತು ಮಾಡಿ. ಎದ್ದ ಕೂಡಲೇ ಒಂದು ಲೋಟ, ಮಾತ್ರೆ ತೆಗೆದುಕೊಳ್ಳುವಾಗ ಪೂರ್ತಿ ಒಂದು ಲೋಟ, ಮಧ್ಯಾಹ್ನ ನೀರು ಮಜ್ಜಿಗೆ, ಸಂಜೆ ತೆಳು ಗಂಜಿಯೋ ಸಾರೋ. ಉಪ್ಪಿನಕಾಯಿ ತೀರಾ ಬಿಡಿಸುವುದು ಕಷ್ಟ, ಹೋಳು ಚಿಕ್ಕದು ಮಾಡಿ, ಮಜ್ಜಿಗೆಗೆ ಉಪ್ಪು ಹಾಕಬೇಡಿ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಹೃದಯದ ಅಥವಾ ಕಿಡ್ನಿಯ ತೊಂದರೆ ಇದ್ದರೆ ಎಷ್ಟು ನೀರು ಅಂತ ಅವರ ಡಾಕ್ಟರನ್ನೇ ಕೇಳಿ, ಯಾಕೆಂದರೆ ಅಂಥವರಿಗೆ ನೀರು ಜಾಸ್ತಿಯಾದರೂ ಅಪಾಯ. ಇದ್ದಕ್ಕಿದ್ದಂತೆ ಮಂಕಾದರೆ, ಮಾತು ತಡವರಿಸಿದರೆ ಕಾಯಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ನಮ್ಮ ಬೀದಿಯಲ್ಲಿ ಒಂದು ಮಗು ಯಾವುದೋ ಮಾತ್ರೆ ನುಂಗಿತು ಅಂತ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದರು. ಇದು ಸರೀನಾ? ಭೇದಿಗೂ ಉಪ್ಪುನೀರೇ ಕೊಡ್ತಾರಲ್ಲ?
– ಓದುಗರು, ತುಮಕೂರು

ಉತ್ತರ: ಸರಿಯಲ್ಲ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. 10 ಕೆಜಿ ತೂಕದ ಮಗುವಿನ ಇಡೀ ಮೈಯಲ್ಲಿ ಇರುವುದು ಸುಮಾರು 6 ಲೀಟರ್ ನೀರು. ಅದಕ್ಕೆ ಒಂದು ದೊಡ್ಡ ಚಮಚ ಉಪ್ಪು ಸೇರಿ, ವಾಂತಿ ಆಗದೆ ಒಳಗೇ ಉಳಿದರೆ, ಮೇಲೆ ಹೇಳಿದ ಮಿಡಿಯ ಹಾಗೆ ಮಿದುಳಿನ ಜೀವಕೋಶಗಳು ಚಿರುಟುತ್ತವೆ. ಫಿಟ್ಸ್ ಬರಬಹುದು, ಜೀವವೇ ಹೋಗಬಹುದು. ಮಗು ಏನಾದರೂ ನುಂಗಿದರೆ ವಾಂತಿ ಮಾಡಿಸುವ ಗೋಜಿಗೆ ಹೋಗದೆ, ಆ ಮಾತ್ರೆಯ ಪಟ್ಟಿಯನ್ನೋ ಡಬ್ಬಿಯನ್ನೋ ಕೈಯಲ್ಲಿ ಹಿಡಿದು ನೇರ ಆಸ್ಪತ್ರೆಗೆ ಓಡಿ.

ಭೇದಿಗೆ ಕೊಡುವ ಓಆರ್‌ಎಸ್ ಬೇರೆಯೇ. ಅದರಲ್ಲಿ ಉಪ್ಪಿನ ಜೊತೆ ಸಕ್ಕರೆಯ ಅಂಶವೂ ಅಳತೆಯಲ್ಲಿರುತ್ತದೆ. ಕರುಳು ಸಕ್ಕರೆಯನ್ನೂ ಸೋಡಿಯಂ ಅನ್ನೂ ಜೊತೆಯಾಗಿ ಎಳೆದುಕೊಳ್ಳುತ್ತದೆ, ಅವುಗಳ ಹಿಂದೆಯೇ ನೀರು ಒಳಗೆ ಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಸಲೈನ್ ಬಾಟಲಿಗಳು ಸಾಲದೆ ಹೋದವು. ಆಗ ಡಾ. ದಿಲೀಪ್ ಮಹಲನಾಬಿಸ್ ಇಂಥ ದ್ರಾವಣವನ್ನು ಬಾಯಿಂದಲೇ ಕುಡಿಸಿ ಎಷ್ಟೋ ಜೀವ ಉಳಿಸಿದರು. ಪ್ಯಾಕೆಟ್ ಸಿಕ್ಕರೆ ಅದನ್ನೇ ತನ್ನಿ, ಅದರ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪ್ಯಾಕೆಟ್ ಹಾಕಿ. ಸಿಗದಿದ್ದರೆ ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚಗಳು ತಲೆ ಸಮ ಇರಬೇಕು. ಮಗುವಿಗೆ ಕೊಡುವ ಮೊದಲು ನೀವೇ ಒಂದು ಗುಟುಕು ಕುಡಿದು ನೋಡಿ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ, ಹೊಸದಾಗಿ ಮಾಡಿ.