ಪ್ರಶ್ನೆ ಕೇಳುವುದೂ ಕೆಲಸವೇ, ಮೇಷ್ಟ್ರೇ

ಓದುಗರ ಪತ್ರ: ಮಾನ್ಯ ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ವಿರೋಧ ಪಕ್ಷದ ಶಾಸಕರೊಬ್ಬರು ಶಿಕ್ಷಣ ಸಚಿವರಿಗೂ ಆರೋಗ್ಯ ಸಚಿವರಿಗೂ ಕೇಳಿದ ಪ್ರಶ್ನೆಗಳನ್ನು, ಬಂದ ಉತ್ತರಗಳನ್ನು ನಾಲ್ಕು ಪುಟ ಅಚ್ಚು ಹಾಕಿದ್ದೀರಿ. ಇದರಿಂದ ಯಾರಿಗೇನು ಬಂತು? ಅವರ ಪಕ್ಷವೇ ಅಧಿಕಾರದಲ್ಲಿದ್ದಾಗಲೂ ಇದೇ ಶಾಲೆಗಳು ಸೋರುತ್ತಿದ್ದವು. ಆಗ ಅವರು ತುಟಿ ಬಿಚ್ಚಲಿಲ್ಲ. ನಮ್ಮ ಶಾಸಕರು ಸದನದಲ್ಲಿ ಮಾತಾಡಿದವರಲ್ಲ. ಆದರೆ ಮಂತ್ರಿಗಳ ಮನೆಗೆ ಎಡತಾಕಿ ನಮ್ಮ ಪ್ರೌಢಶಾಲೆಗೆ ಎರಡು ಕೊಠಡಿ ಮಂಜೂರು ಮಾಡಿಸಿಕೊಂಡು ಬಂದರು. ಕೆಲಸ ಮಾಡುವವರನ್ನು ಬಿಟ್ಟು ಮಾತಾಡುವವರನ್ನು ಮೆರೆಸುವುದೇಕೆ? – ನಿವೃತ್ತ ಮುಖ್ಯಶಿಕ್ಷಕ, ಹಾಸನ ಜಿಲ್ಲೆ

ಸಂಪಾದಕರ ಉತ್ತರ: ಮೇಷ್ಟ್ರೇ, ನಾಲ್ಕು ಪುಟವನ್ನೂ ಬಿಡದೆ ಓದಿ, ಅನುಬಂಧದ ಅಂಕಿಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಆ ಹಾಳೆಯ ಜೆರಾಕ್ಸನ್ನೂ ಪತ್ರದ ಜೊತೆ ಇಟ್ಟಿದ್ದೀರಿ. ಇಷ್ಟು ಶ್ರದ್ಧೆಯಿಂದ ಓದುವವರು ಸಿಟ್ಟು ಮಾಡಿಕೊಂಡರೆ ಸಂಪಾದಕನಿಗೆ ಅದೂ ಸಂತೋಷವೇ. ನೀವು ಬರೆದ ಮಾತನ್ನು ಮನಸ್ಸಿನಲ್ಲೇ ಇಟ್ಟುಕೊಂಡವರು ಬಹಳ ಮಂದಿ ಇದ್ದಾರೆ. ಹಾಗಾಗಿ ಕೊಂಚ ಉದ್ದವಾಗಿಯೇ ಉತ್ತರಿಸುತ್ತೇನೆ.

ನೀವು ಹೇಳಿದ್ದರಲ್ಲಿ ನಿಜವಿದೆ. ಕುರ್ಚಿ ಬದಲಾದ ಕೂಡಲೇ ಪಕ್ಷಗಳ ಮಾತೂ ಬದಲಾಗುತ್ತದೆ. ನಿನ್ನೆ ಉತ್ತರಿಸಲು ತಡವರಿಸಿದವರು ಇಂದು ಎದ್ದು ನಿಂತು ಪ್ರಶ್ನೆ ಕೇಳುತ್ತಾರೆ. ಸದನದ ಬಾವಿಗೆ ಇಳಿದು ಧರಣಿ ಕೂತು ಪ್ರಶ್ನೋತ್ತರದ ವೇಳೆಯನ್ನೇ ಕಳೆಯುವ ವಿರೋಧ ಪಕ್ಷದ ಬಗ್ಗೆ ನನಗೂ ಬೇಸರವಿದೆ. ನಿಮ್ಮ ಊರಿನ ಮಕ್ಕಳಿಗೆ ಎರಡು ಕೊಠಡಿ ಮಂಜೂರಾದದ್ದು ಒಳ್ಳೆಯ ಸುದ್ದಿ. ಅದನ್ನು ತಂದ ಶಾಸಕರಿಗೆ ನಮಸ್ಕಾರ.

ಆದರೆ ಆ ಎರಡು ಕೊಠಡಿ ಯಾವ ಪಟ್ಟಿಯಿಂದ ಬಂದವು? ನಿಮ್ಮ ಶಾಲೆಗಿಂತ ಹೆಚ್ಚು ಶಿಥಿಲವಾದ ಶಾಲೆ ಪಕ್ಕದ ಹೋಬಳಿಯಲ್ಲಿ ಇರಲಿಲ್ಲವೇ? ಅಲ್ಲಿನ ಶಾಸಕರಿಗೂ ಮಂತ್ರಿಗೂ ಆಗಿಬರದೆ ಇದ್ದರೆ ಅಲ್ಲಿನ ಮಕ್ಕಳು ಮರದ ಕೆಳಗೇ ಕೂರಬೇಕೇ? ಮನೆಗೆ ಹೋಗಿ ಕೈಮುಗಿದು ತಂದದ್ದು ಒಂದು ಊರಿಗೆ ಬರುತ್ತದೆ. ಯಾಕೆ ಬಂತು, ಇನ್ನೊಂದು ಊರಿಗೆ ಯಾಕೆ ಬರಲಿಲ್ಲ ಎಂಬುದು ಯಾವ ಕಡತದಲ್ಲೂ ಇರುವುದಿಲ್ಲ. ಸದನದಲ್ಲಿ ಕೇಳಿದ ಪ್ರಶ್ನೆಗೆ ಬಂದ ಉತ್ತರದಲ್ಲಿ ಇಡೀ ಜಿಲ್ಲೆಯ ಪಟ್ಟಿ ಇರುತ್ತದೆ. ಆ ಪಟ್ಟಿಯನ್ನು ಯಾರು ಬೇಕಾದರೂ ಹಿಡಿದು ನ್ಯಾಯ ಕೇಳಬಹುದು. ನೀವು ಗೆರೆ ಎಳೆದದ್ದೂ ಅದರ ಮೇಲೆಯೇ.

ಮೂವತ್ತು ವರ್ಷ ಇಲಾಖೆಯಲ್ಲಿದ್ದವರಿಗೆ ಎಲ್‌ಎಕ್ಯೂ ಎಂದರೇನು ಎಂದು ನಾನು ಹೇಳಬೇಕಾಗಿಲ್ಲ. ಉಳಿದ ಓದುಗರಿಗಾಗಿ ಹೇಳುತ್ತೇನೆ. ವಿಧಾನಸಭೆಯ ಪ್ರಶ್ನೆಗೆ ಸರ್ಕಾರಿ ಕಚೇರಿಗಳಲ್ಲಿ ಇರುವ ಹೆಸರು ಅದು. ಪರಿಷತ್ತಿನ ಪ್ರಶ್ನೆಯಾದರೆ ಎಲ್‌ಸಿಕ್ಯೂ. ಶಾಸಕರು ಬರೆದುಕೊಟ್ಟ ಪ್ರಶ್ನೆ ಸಚಿವಾಲಯದಿಂದ ಇಲಾಖೆಗೆ ಬರುತ್ತದೆ. ಅಲ್ಲಿಂದ ಆಯುಕ್ತರ ಕಚೇರಿ, ಜಿಲ್ಲೆಯ ಡಿಡಿಪಿಐ (ಉಪನಿರ್ದೇಶಕರು), ತಾಲ್ಲೂಕಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಕೆಲವು ಶಾಲೆಗಳ ಗುಂಪನ್ನು ನೋಡಿಕೊಳ್ಳುವ ಸಿಆರ್‌ಪಿ ಎಂದು ಇಳಿದು ಕೊನೆಗೆ ಮುಖ್ಯಶಿಕ್ಷಕರ ಮೊಬೈಲಿಗೆ ಬಂದು ನಿಲ್ಲುತ್ತದೆ. ಮೇಲೆ ಕೂತವರು ಕೆಳಗಿನ ಶಾಲೆಯೊಂದನ್ನು ಆಡಳಿತದ ಇಡೀ ಸರಪಳಿ ಅಲುಗುವ ಹಾಗೆ ವಿಚಾರಿಸುವುದು ಇಂಥ ಹೊತ್ತಿನಲ್ಲಿ ಮಾತ್ರ.

ಬಯಲುಸೀಮೆಯ ಹಿರಿಯ ಪ್ರಾಥಮಿಕ ಶಾಲೆಯೊಂದರ ಮುಖ್ಯಶಿಕ್ಷಕಿ ನನಗೆ ಪರಿಚಿತರು. ಒಂದು ಮಧ್ಯಾಹ್ನ, ಬಿಸಿಯೂಟದ ಲೆಕ್ಕ ಬರೆಯುತ್ತಿದ್ದಾಗ, ಸಿಆರ್‌ಪಿಯಿಂದ ವಾಟ್ಸ್ಆ್ಯಪ್‌ಗೆ ನಮೂನೆಯೊಂದು ಬಂತಂತೆ. ಒಟ್ಟು ಕೊಠಡಿ ಎಷ್ಟು, ಸುಸ್ಥಿತಿಯಲ್ಲಿರುವವು ಎಷ್ಟು, ಸಣ್ಣ ದುರಸ್ತಿ ಎಷ್ಟು, ದೊಡ್ಡ ದುರಸ್ತಿ ಎಷ್ಟು. ಕೆಳಗೆ ‘ಎಲ್‌ಎಕ್ಯೂ, ಅತಿ ತುರ್ತು, ಇಂದೇ ಸಲ್ಲಿಸುವುದು’. ನಾಲ್ಕನೇ ತರಗತಿಯ ಕೋಣೆಯಲ್ಲಿ ಸಿಮೆಂಟು ಉದುರಿ ಕಬ್ಬಿಣದ ಸರಳು ಕಾಣುತ್ತಿತ್ತು. ಅವರು ದೊಡ್ಡ ದುರಸ್ತಿಯ ಕಾಲಮಿನಲ್ಲಿ ಎರಡು ಎಂದು ಬರೆದು ಕಳಿಸಿದರು. ಸ್ವಲ್ಪ ಹೊತ್ತಿಗೆ ಮೇಲಿನ ಕಚೇರಿಯಿಂದ ಫೋನು. ‘ಮೇಡಂ, ಹೋದ ವರ್ಷ ಎಲ್ಲಾ ಸುಸ್ಥಿತಿ ಅಂತ ಕೊಟ್ಟಿದ್ದೀರಿ. ಈಗ ಬದಲಾಯಿಸಿದರೆ ನಾವು ವಿವರಣೆ ಕೊಡಬೇಕಾಗುತ್ತೆ. ಅದನ್ನೇ ಇಟ್ಟುಬಿಡಿ.’ ಆಕೆ ಹೇಳಿದರು: ‘ಸರ್, ಇದು ಸದನಕ್ಕೆ ಹೋಗುವ ಉತ್ತರ. ಸುಳ್ಳು ಬರೆದು ನಾಳೆ ಹಕ್ಕುಚ್ಯುತಿ ಅಂತ ಆದರೆ ಮೊದಲು ಸಿಕ್ಕಿಬೀಳೋದು ಯಾರು?’ ಫೋನಿನ ಆ ಕಡೆ ಸದ್ದಿಲ್ಲ. ಎರಡು ಕೊಠಡಿ ಪಟ್ಟಿಗೆ ಹೋದವು. ಮಳೆಗಾಲಕ್ಕೆ ಮುಂಚೆ ಎಂಜಿನಿಯರ್ ಬಂದು ನೋಡಿ ಆ ಕೋಣೆಗಳಿಗೆ ಬೀಗ ಹಾಕಿಸಿದರು, ಮಕ್ಕಳನ್ನು ಜಗಲಿಗೂ ಪಕ್ಕದ ಸಮುದಾಯ ಭವನಕ್ಕೂ ಹಂಚಿದರು. ಹೊಸ ಕಟ್ಟಡಕ್ಕೆ ದುಡ್ಡು ಬರುವುದು ತಡವಾಯಿತು, ಅದು ಬೇರೆ ಮಾತು. ಆದರೆ ಆ ಛಾವಣಿಯ ಕೆಳಗೆ ಮಕ್ಕಳು ಕೂರುವುದು ತಪ್ಪಿತು. ಪ್ರಶ್ನೆ ಕೇಳಿದ ಶಾಸಕರು ಆ ಊರನ್ನು ನೋಡಿದವರೂ ಅಲ್ಲ.

ಇದನ್ನು ಕೇಳಿದ ಮೇಲೆ, ಪ್ರಶ್ನೆಯೆಂದರೆ ಬರೀ ಮಾತು ಎಂಬುದನ್ನು ನಾನು ಹೇಗೆ ಒಪ್ಪಲಿ?

1948ರ ನವೆಂಬರ್ 4ರಂದು ಕರಡು ಸಂವಿಧಾನವನ್ನು ಮಂಡಿಸುತ್ತಾ ಅಂಬೇಡ್ಕರ್ ಮಾಡಿದ ಭಾಷಣವನ್ನು ಬಿಡುವಿದ್ದಾಗ ತೆಗೆದು ಓದಿ. ಅಮೆರಿಕದ ಪದ್ಧತಿಯಲ್ಲಿ ಸರ್ಕಾರಕ್ಕೆ ಸ್ಥಿರತೆ ಹೆಚ್ಚು, ಸಂಸದೀಯ ಪದ್ಧತಿಯಲ್ಲಿ ಹೊಣೆಗಾರಿಕೆ ಹೆಚ್ಚು. ನಾವು ಹೊಣೆಗಾರಿಕೆಯನ್ನು ಆರಿಸಿಕೊಂಡಿದ್ದೇವೆ ಎಂದು ಅವರು ವಿವರಿಸುತ್ತಾರೆ. ಸರ್ಕಾರದ ಹೊಣೆಗಾರಿಕೆಯನ್ನು ಮತದಾರ ಚುನಾವಣೆ ಬಂದಾಗ ಅಳೆಯುತ್ತಾನೆ, ಸದಸ್ಯರು ಪ್ರತಿದಿನ ಅಳೆಯುತ್ತಾರೆ. ಆ ದಿನನಿತ್ಯದ ಅಳತೆಗೆ ಅವರು ಹೆಸರಿಸುವ ಸಾಧನಗಳಲ್ಲಿ ಮೊದಲನೆಯದೇ ಪ್ರಶ್ನೆ. ಅವಿಶ್ವಾಸ ಗೊತ್ತುವಳಿ, ನಿಲುವಳಿ ಸೂಚನೆಗಳು ಆಮೇಲೆ ಬರುತ್ತವೆ. ಮಂತ್ರಿಯ ಮನೆಗೆ ಎಡತಾಕುವುದು ಆ ಪಟ್ಟಿಯಲ್ಲಿ ಇಲ್ಲ.

ನಮ್ಮ ನೆಲದ್ದೇ ಉದಾಹರಣೆ ಬೇಕೆಂದರೆ ಶಾಂತವೇರಿ ಗೋಪಾಲಗೌಡರನ್ನು ನೆನೆಯಿರಿ. ಗೇಣಿದಾರರ ಹೋರಾಟವಾದ 1951ರ ಕಾಗೋಡು ಸತ್ಯಾಗ್ರಹದಿಂದ ಬಂದವರು, 1952ರಲ್ಲಿ ಮೂವತ್ತು ತುಂಬುವ ಮೊದಲೇ ಸೋಷಲಿಸ್ಟ್ ಪಕ್ಷದಿಂದ ಮೈಸೂರು ವಿಧಾನಸಭೆಗೆ ಆಯ್ಕೆಯಾದರು. ಮಂತ್ರಿಯಾಗಲಿಲ್ಲ, ನಿಗಮದ ಅಧ್ಯಕ್ಷರಾಗಲಿಲ್ಲ. ನಿಮ್ಮ ಲೆಕ್ಕದಲ್ಲಿ ಅವರು ಬರೀ ಮಾತಾಡಿದವರು. ಗೇಣಿದಾರನ ಮಾತನ್ನು, ಆಡಳಿತದಲ್ಲಿ ಕನ್ನಡದ ಮಾತನ್ನು, ಈ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಿಡಿ ಎಂಬ ಮಾತನ್ನು ಆಳುವವರಿಗೆ ಬೇಡವಾದಾಗಲೂ ಬಿಡದೆ ಆಡಿದರು. 1972ರಲ್ಲಿ ಐವತ್ತು ತುಂಬದೆ ತೀರಿಕೊಂಡರು. 1973ರಲ್ಲಿ ಹೆಸರು ಬಂತು, 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಎರಡನ್ನೂ ಮಾಡಿದ್ದು ದೇವರಾಜ ಅರಸರ ಸರ್ಕಾರ, ಆ ಕೀರ್ತಿ ಅರಸರಿಗೆ ಸಲ್ಲಬೇಕು. ಆದರೆ ಸರ್ಕಾರದ ಕೈಗೆ ಆ ಕೆಲಸ ಬರುವ ಮೊದಲು ಎರಡು ದಶಕ ಅದು ವಿರೋಧ ಪಕ್ಷದ ಬಾಯಲ್ಲಿತ್ತು. ಅದೇ ಶಿವಮೊಗ್ಗದ ಸಮಾಜವಾದಿ ಗರಡಿಯ ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದರು. ಅದೂ ವಿರೋಧ ಪಕ್ಷದ ಸಾಲಿನಿಂದಲೇ.

ಕೇಳುವವರು ವಿರೋಧ ಪಕ್ಷದವರೇ ಆಗಿರಬೇಕೆಂದೂ ಇಲ್ಲ. 1957ರ ಡಿಸೆಂಬರಿನಲ್ಲಿ ಜೀವ ವಿಮಾ ನಿಗಮದ ಹಣ ಉದ್ಯಮಿ ಹರಿದಾಸ್ ಮುಂಧ್ರಾ ಅವರ ಕಂಪನಿಗಳ ಷೇರಿಗೆ ಹೋದದ್ದು ಹೇಗೆಂದು ಲೋಕಸಭೆಯಲ್ಲಿ ಕೆದಕಿದ ಫಿರೋಜ್ ಗಾಂಧಿ ಆಳುವ ಪಕ್ಷದ ಸದಸ್ಯರು, ಸಾಲದ್ದಕ್ಕೆ ಪ್ರಧಾನಿಯ ಅಳಿಯ. ಎರಡು ತಿಂಗಳಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ನಿಮ್ಮ ಶಾಸಕರೂ ಆಳುವ ಪಕ್ಷದಲ್ಲಿ ಇದ್ದುಕೊಂಡೇ ಕೇಳಬಹುದು. ಅವರನ್ನು ತಡೆದವರು ಯಾರು?

ಹಾಗೆಂದು ಮಂತ್ರಿಗಳೆಲ್ಲ ಕೆಲಸಗೇಡಿಗಳೆಂದು ನಾನು ಹೇಳುತ್ತಿಲ್ಲ. ತೊಂಬತ್ತರ ದಶಕದಲ್ಲಿ ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಸಚಿವರಾಗಿದ್ದಾಗ ಅಂಕದ ಮೇಲೆ ಪ್ರಾಥಮಿಕ ಶಾಲಾ ಶಿಕ್ಷಕರ ನೇಮಕವಾಯಿತು. ಕೂಲಿಯವರ, ಸಣ್ಣ ರೈತರ ಮಕ್ಕಳು ಯಾರಿಗೂ ಕಾಸು ಕೊಡದೆ ಮೇಷ್ಟ್ರಾದರು. ಅಂಥವರ ಕೈಕೆಳಗೆ ಓದಿದವರು ಇಂದು ರಾಜ್ಯದ ತುಂಬಾ ಇದ್ದಾರೆ. ಶಿಫಾರಸಿನ ಚೀಟಿಯನ್ನು ಪಕ್ಕಕ್ಕಿಟ್ಟು ಪಟ್ಟಿಯನ್ನು ಹಿಡಿದದ್ದೇ ಅವರ ದೊಡ್ಡತನ. ನಾನು ಹೇಳುತ್ತಿರುವುದೂ ಅದನ್ನೇ.

ಇನ್ನು ಉತ್ತರಗಳ ವಿಷಯ. ಸದನದ ಉತ್ತರದ ಹಾಳೆಯನ್ನು ಎದುರಿಗಿಟ್ಟುಕೊಂಡು ನೋಡಿ. ಎಡಗಡೆ ಅ, ಆ, ಇ ಎಂದು ಪ್ರಶ್ನೆ, ಬಲಗಡೆ ಉತ್ತರ. ‘ಶಿಕ್ಷಕರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದರೆ ‘ಬಂದಿದೆ’. ‘ಬಂದಿದ್ದಲ್ಲಿ ಕೈಗೊಂಡ ಕ್ರಮವೇನು?’ ಎಂದರೆ ‘ಅನುದಾನದ ಲಭ್ಯತೆಗನುಗುಣವಾಗಿ ಹಂತ ಹಂತವಾಗಿ ಕ್ರಮವಹಿಸಲಾಗುವುದು’. ಓದಿದವರಿಗೆ ಸಿಟ್ಟು ಬರುವುದು ಸಹಜ. ಆದರೆ ಸದನದಲ್ಲಿ ಸಚಿವರು ಮಾಡುತ್ತೇವೆ ಎಂದು ಒಪ್ಪಿದ್ದು ಗಾಳಿಮಾತಲ್ಲ. ಅದರ ಬೆನ್ನು ಹತ್ತಲು ಭರವಸೆಗಳ ಸಮಿತಿ ಎಂಬುದೊಂದಿದೆ. ಚುಕ್ಕೆ ಗುರುತಿನ ಪ್ರಶ್ನೆಯಾದರೆ, ಅಂದರೆ ಸದನದಲ್ಲೇ ಬಾಯಿಮಾತಿನ ಉತ್ತರ ಬಯಸುವ ಪ್ರಶ್ನೆಯಾದರೆ, ‘ಉತ್ತರ ಒದಗಿಸಿದ್ದೇನೆ’ ಎಂದು ಸಚಿವರು ಕೂತ ಮೇಲೂ ಸದಸ್ಯರು ಎದ್ದು ಉಪಪ್ರಶ್ನೆ ಹಾಕಬಹುದು. ಅಸಲು ಪರೀಕ್ಷೆ ಅಲ್ಲಿರುವುದು. ಅಧಿಕಾರಿಗಳು ಬರೆದುಕೊಟ್ಟದ್ದನ್ನು ಓದಿ ಮುಗಿಸಿದ ಮಂತ್ರಿಗೆ ಇಲಾಖೆ ಎಷ್ಟು ಗೊತ್ತು ಎಂಬುದು ಎರಡನೇ ಉಪಪ್ರಶ್ನೆಗೆ ತಿಳಿದುಬಿಡುತ್ತದೆ. ಕಳೆದ ಸಂಚಿಕೆಯಲ್ಲಿ ನಾವು ಅಚ್ಚು ಹಾಕಿದ ಶಾಸಕರು ಬರೀ ಶಾಲೆ ಎಷ್ಟು ಎಂದು ಕೇಳಿ ಸುಮ್ಮನಾಗಲಿಲ್ಲ. ಒಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಆ ಶಿಕ್ಷಕರು ಬಿಇಒ ಸಭೆಗೆ ಹೋದ ದಿನ ಪಾಠ ಮಾಡುವವರು ಯಾರು, ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಅತಿಥಿ ಶಿಕ್ಷಕರು ಬರುವವರೆಗೆ ಗಣಿತ ಯಾರು ಹೇಳಿಕೊಡುತ್ತಾರೆ, ವೈದ್ಯರ ಹುದ್ದೆ ಭರ್ತಿ ಎಂದು ತೋರಿಸಿದ ಆಸ್ಪತ್ರೆಯಲ್ಲಿ ನಿಯೋಜನೆಯ ಮೇಲೆ ಬೇರೆ ಕಡೆ ಹೋದವರೆಷ್ಟು ಎಂದು ಕೇಳಿದರು. ಅಂಗನವಾಡಿ, ಆಸ್ಪತ್ರೆ, ಹಳ್ಳಿ ಬಸ್ಸುಗಳನ್ನು ತಾವೇ ಹೋಗಿ ನೋಡದವರಿಗೆ ಇಂಥ ಪ್ರಶ್ನೆ ಹೊಳೆಯುವುದಿಲ್ಲ.

ನನ್ನ ದುಃಖವಿರುವುದು ಇಂಥ ಪ್ರಶ್ನೆಗಳಿಗೆ ಜಾಗ ಕಿರಿದಾಗುತ್ತಿರುವುದರಲ್ಲಿ. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕೆಂದು 2005ರಲ್ಲಿ ನಮ್ಮ ರಾಜ್ಯವೇ ಕಾಯ್ದೆ ಮಾಡಿಕೊಂಡಿತು. ಆ ಕಾಯ್ದೆ ಪಾಲನೆಯಾಗುವುದಕ್ಕಿಂತ ಮುರಿಯುವುದೇ ಹೆಚ್ಚು, ಯಾವ ಪಕ್ಷದ ಸರ್ಕಾರವಿದ್ದರೂ ಅಷ್ಟೇ. 2019ರಲ್ಲಿ ವಿಧಾನಸಭೆಯೊಳಗೆ ಖಾಸಗಿ ವಾಹಿನಿಗಳ ಕ್ಯಾಮೆರಾ ಬೇಡವೆಂದರು. 2020ರ ಸೆಪ್ಟೆಂಬರಿನಲ್ಲಿ, ಕೊರೊನಾ ಹೊತ್ತಿನಲ್ಲಿ, ಸಂಸತ್ತಿನ ಅಧಿವೇಶನ ಪ್ರಶ್ನೋತ್ತರದ ವೇಳೆಯೇ ಇಲ್ಲದೆ ನಡೆಯಿತು. ಶಾಲೆ, ಆಸ್ಪತ್ರೆಗಳ ಬಗ್ಗೆ ಬಾಯಿಬಿಟ್ಟು ಕೇಳಲೇಬೇಕಾಗಿದ್ದ ಕಾಲ ಅದು. ಮಾಹಿತಿ ಹಕ್ಕಿಗೆ ರಾಷ್ಟ್ರದ ಕಾಯ್ದೆ ಬರುವ ಮೊದಲೇ, 2000ದಲ್ಲಿ, ತನ್ನದೇ ಕಾಯ್ದೆ ಮಾಡಿಕೊಂಡ ರಾಜ್ಯ ನಮ್ಮದು. 2005ರ ಕೇಂದ್ರ ಕಾಯ್ದೆಯಲ್ಲಿ, ಸಂಸತ್ತಿಗೋ ವಿಧಾನಮಂಡಲಕ್ಕೋ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸಬಾರದು ಎಂಬ ಮಾತಿತ್ತು. ಸಾಮಾನ್ಯ ಮನುಷ್ಯನನ್ನು ಶಾಸಕನ ಪಕ್ಕ ಕೂರಿಸಿದ ಮಾತು ಅದು. 2023ರ ದತ್ತಾಂಶ ರಕ್ಷಣಾ ಕಾಯ್ದೆ ಅದನ್ನು ತೆಗೆದುಹಾಕಿತು. ಎಷ್ಟು ಪತ್ರಿಕೆಗಳು ಇದನ್ನು ಮುಖಪುಟದಲ್ಲಿ ಬರೆದವು? ಮೊದಲೆಲ್ಲ ಅಧಿವೇಶನದ ದಿನಗಳಲ್ಲಿ ಪ್ರಶ್ನೋತ್ತರಗಳಿಗೆಂದೇ ಪತ್ರಿಕೆಯಲ್ಲಿ ಅಂಕಣಗಳಿದ್ದವು. ಈಗ ಯಾರು ಯಾರಿಗೆ ಬೈದರು ಎಂಬುದಷ್ಟೇ ಸುದ್ದಿ. ನಾವು ನಾಲ್ಕು ಪುಟ ಕೊಟ್ಟದ್ದು ಈ ಕಾರಣಕ್ಕೆ. ಮುಂದೆಯೂ ಕೊಡುತ್ತೇವೆ.

ಮೇಷ್ಟ್ರೇ, ತರಗತಿಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದ ಹುಡುಗನಿಗೆ ‘ಕೂತ್ಕೋ, ನಿನ್ನಪ್ಪ ಹೆಡ್ಮೇಷ್ಟ್ರ ಮನೆಗೆ ಬಂದು ಮಾತಾಡ್ಲಿ’ ಎಂದು ನೀವು ಎಂದಾದರೂ ಹೇಳಿದ್ದುಂಟೇ? ಇಲ್ಲವೆಂದು ನಿಮ್ಮ ಪತ್ರವೇ ಹೇಳುತ್ತಿದೆ. ಹಾಗಿದ್ದಮೇಲೆ ಸದನಕ್ಕೆ ಬೇರೆ ನಿಯಮ ಯಾಕೆ?

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ತಾಲ್ಲೂಕಿನಲ್ಲಿ ಶಿಕ್ಷಕರ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಒಬ್ಬರೇ ಶಿಕ್ಷಕರಿರುವ ಶಾಲೆಗಳು ಯಾವುವು, ಬೀಗ ಹಾಕಿದ ಶೌಚಾಲಯಗಳು ಎಲ್ಲೆಲ್ಲಿ ಎಂಬುದನ್ನು ಪ್ರಶ್ನೆಯ ರೂಪದಲ್ಲಿ ಒಂದು ಹಾಳೆಯಲ್ಲಿ ಬರೆದು ನಿಮ್ಮ ಶಾಸಕರ ಕೈಗೆ ಕೊಡಿ. ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಕೊಡಿ, ಪ್ರಶ್ನೆಗೆ ಮುಂಗಡ ನೋಟಿಸು ಬೇಕಾಗುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಯಾಗಿಯೇ ಕೇಳಿ ಎಂದು ಒತ್ತಾಯಿಸಿ. ಮಂತ್ರಿಗಳ ಮನೆಯ ದಾರಿ ಬಲ್ಲವರಿಗೆ ಸದನದಲ್ಲಿ ಎದ್ದು ನಿಲ್ಲುವುದು ಕಷ್ಟವಾಗಲಾರದು. ಅವರು ಕೇಳಿದರೆ ಉತ್ತರವನ್ನು ಅನುಬಂಧ ಸಮೇತ ನಮಗೆ ಕಳಿಸಿ, ಅವರ ಹೆಸರು ಹಾಕಿ ನಾಲ್ಕು ಪುಟ ಅಚ್ಚು ಮಾಡುತ್ತೇವೆ. ಕೇಳದಿದ್ದರೆ ನಿಮ್ಮ ಹಾಳೆಯನ್ನೇ ಕಳಿಸಿ. ಅದೇ ಜಿಲ್ಲೆಯ ಬೇರೆ ಶಾಸಕರಿಗೆ ತಲುಪಿಸುವ ಕೆಲಸ ನಮಗಿರಲಿ.