ದಿಂಬಂ ಘಾಟಿಯಲ್ಲಿ ಲಾರಿ ಅಡ್ಡ ನಿಂತರೆ

ಮೈಸೂರಿಂದ ವಯಸ್ಸಾದ ತಂದೆ ತಾಯಿ, ಚಿಕ್ಕ ಮಕ್ಕಳ ಜೊತೆ ಕಾರಲ್ಲಿ ಪಳನಿಗೆ ಹೊರಟಿದ್ದೀರಿ. ದಿಂಬಂ ಘಾಟಿಯಲ್ಲಿ ಗಾಡಿಗಳು ಗಂಟೆಗಟ್ಟಲೆ ನಿಂತುಬಿಡುತ್ತವಂತೆ, ನಿಜವಾ, ನಿಮಗೆ ಹಾಗೆ ಆಗಿದೆಯಾ ಅಂತ ಕೇಳಿದ್ದೀರಿ.

ನಿಜ, ನಮಗೂ ಆಗಿದೆ. ನಾವು ತಾಳವಾಡಿಯವರು. ಮನೆಮಾತು ಕನ್ನಡ, ಜಿಲ್ಲೆ ತಮಿಳುನಾಡಿನ ಈರೋಡು. ಜಿಲ್ಲಾ ಕಚೇರಿಯ ಯಾವ ಕೆಲಸಕ್ಕೂ ಈ ಘಾಟಿ ಇಳಿಯಲೇಬೇಕು.

ದಿಂಬಂನಿಂದ ಬೆಟ್ಟದ ಬುಡದ ಬಣ್ಣಾರಿಗೆ ಇಳಿಯುವಷ್ಟರಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಉದ್ದನೆಯ ಲಾರಿ ಒಂದೇ ಸಲಕ್ಕೆ ತಿರುಗುವುದಿಲ್ಲ. ಹಿಂದೆ ತೆಗೆದು ಮತ್ತೆ ಮುಂದೆ ಹೋಗಬೇಕು. ಲೋಡು ಜಾಸ್ತಿಯಾಗಿ ಅಲ್ಲೇ ಆಕ್ಸಲ್ ತುಂಡಾದರೆ ರಸ್ತೆ ಪೂರ್ತಿ ಬಂದ್. ಸುತ್ತ ಹುಲಿ ಸಂರಕ್ಷಿತ ಕಾಡು, ಪಕ್ಕಕ್ಕೆ ಹೋಗಲು ಬೇರೆ ಹಾದಿಯಿಲ್ಲ.

ಅವ್ವನ ಹರಕೆ ಇತ್ತು, ಮಗಳ ಮುಡಿಯನ್ನು ಪಳನಿಯಲ್ಲಿ ಕೊಡಬೇಕು ಅಂತ. ಬೆಳಗ್ಗೆಯೇ ಹೊರಟೆವು. ದಿಂಬಂ ದಾಟಿ ನಾಲ್ಕಾರು ತಿರುವು ಇಳಿದಿದ್ದೆವು, ಮುಂದೆ ಬಸ್ಸು, ಟೊಮೆಟೊ ತುಂಬಿದ ಪಿಕಪ್ಪು, ಕಾರುಗಳು ಎಲ್ಲ ಸಾಲಾಗಿ ನಿಂತಿದ್ದವು. ಕೆಳಗಿನ ತಿರುವಿನಲ್ಲಿ ಮೇಲೆ ಬರುತ್ತಿದ್ದ ಲಾರಿಯೊಂದು ಅಡ್ಡ ನಿಂತಿದೆ, ಸತ್ಯಮಂಗಲದಿಂದ ಕ್ರೇನ್ ಬರಬೇಕು ಅಂದರು.

ಅವ್ವನಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಊಟ ಆಗಲೇಬೇಕು. ನನ್ನ ಹೆಂಡತಿ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡಿದ್ದಳು, ಹಾಗಾಗಿ ಅದೊಂದು ಚಿಂತೆ ಇರಲಿಲ್ಲ. ನೀರು ಮಾತ್ರ ಬೇಗ ಖಾಲಿಯಾಯಿತು. ಮೂತ್ರಕ್ಕೆ ಅಂತ ಕಾಡಿನ ಕಡೆ ಇಳಿಯುವ ಹಾಗಿಲ್ಲ. ಚಿರತೆ ಓಡಾಡುವ ಜಾಗ ಅದು. ಹೆಂಗಸರಿಗೆ ನಿಜವಾದ ಕಷ್ಟ ಇದೇ, ಆದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೀವು ದಿಂಬಂಗೆ ಮೊದಲೇ ಸಿಗುವ ಹಾಸನೂರಿನಲ್ಲೇ ಗಾಡಿ ನಿಲ್ಲಿಸಿ ಎಲ್ಲರಿಗೂ ಅದನ್ನು ಮುಗಿಸಿಕೊಳ್ಳಲು ಹೇಳಿ, ನಾಚಿಕೆ ಬೇಡ.

ಇಷ್ಟೇ ಆಗಿದ್ದರೆ ಸುಮ್ನೆ ಕಾದು ಹೋಗಬಹುದಿತ್ತು. ಆದರೆ ಹಿಂದಿನಿಂದ ಬಂದ ಕೆಲವು ಕಾರುಗಳು ಸಾಲು ಬಿಟ್ಟು ಬಲಗಡೆಯಿಂದ ನುಗ್ಗಿದವು. ಕೆಳಗಿನಿಂದಲೂ ಹಾಗೇ ನುಗ್ಗಿದರು. ಲಾರಿಯ ಎರಡೂ ಕಡೆ ಗಾಡಿಗಳು ಎದುರುಬದುರಾಗಿ ಸಿಕ್ಕಿಕೊಂಡವು, ಕ್ರೇನಿಗೂ ದಾರಿಯಿಲ್ಲ. ಅಷ್ಟರಲ್ಲಿ ಮೇಲಿನಿಂದ ಆಂಬುಲೆನ್ಸ್ ಬಂತು. ಒಳಗೆ ತುಂಬು ಗರ್ಭಿಣಿ, ಜೊತೆಗೆ ಅವರ ಅತ್ತೆ. ಸೈರನ್ ಕೂಗುತ್ತಲೇ ಇತ್ತು, ಆದರೆ ಸರಿಯಲು ಯಾರಿಗೂ ಜಾಗವೇ ಇರಲಿಲ್ಲ. ಆವತ್ತು ನನಗೆ ಬಂದ ಕೋಪ ಇವತ್ತಿಗೂ ಇಳಿದಿಲ್ಲ.

ಕೊನೆಗೆ ಮುಂದಿದ್ದ ಬಸ್ಸಿನ ಡ್ರೈವರಣ್ಣ ಕೆಳಗಿಳಿದರು. ಒಂದೊಂದೇ ಕಾರಿನವರ ಹತ್ತಿರ ಹೋಗಿ ತಮಿಳಿನಲ್ಲೂ ಕನ್ನಡದಲ್ಲೂ ಹೇಳಿದರು. "ಅಣ್ಣಾ, ನಿಮ್ಮ ಮನೆ ಹೆಣ್ಣುಮಗಳು ಅಂದ್ಕೊಳ್ಳಿ, ಸ್ವಲ್ಪ ಹಿಂದೆ ತಗೊಳ್ಳಿ." ನಾವು ಹತ್ತಾರು ಜನ ಚಕ್ರಕ್ಕೆ ಕಲ್ಲು ಕೊಟ್ಟು, ಕೈ ತೋರಿಸಿ ಕಾರುಗಳನ್ನು ಸಾಲಿಗೆ ಸೇರಿಸಿದೆವು. ಲಾರಿಯ ಪಕ್ಕ ಆಂಬುಲೆನ್ಸ್ ನುಸುಳುವಷ್ಟು ಮಾತ್ರ ಜಾಗ ಸಿಕ್ಕಿತು. ಅದು ದಾಟಿದ ಮೇಲೆ ಅವ್ವ ಬಣ್ಣಾರಿ ಅಮ್ಮನಿಗೆ ಅಲ್ಲಿಂದಲೇ ಕೈ ಮುಗಿದರು. ಆ ಗರ್ಭಿಣಿಯ ಹೆರಿಗೆ ಸುಸೂತ್ರವಾಯಿತು ಅಂತ ಆಮೇಲೆ ಊರಿನವರಿಂದ ತಿಳಿಯಿತು.

ಕ್ರೇನ್ ಬಂದು ದಾರಿ ಬಿಟ್ಟಾಗ ಮಧ್ಯಾಹ್ನ ಕಳೆದಿತ್ತು. ಅದೇ ದಿನ ವಾಪಸ್ ಬರುವ ಲೆಕ್ಕ ತಪ್ಪಿತು. ಯಾಕೆಂದರೆ 2022ರ ಫೆಬ್ರವರಿಯಿಂದ, ಮದ್ರಾಸ್ ಹೈಕೋರ್ಟ್ ಆದೇಶದಂತೆ, ಘಾಟಿಯಲ್ಲಿ ರಾತ್ರಿ ಗಾಡಿ ಬಿಡುವುದಿಲ್ಲ. ಲಾರಿಗಳಿಗೆ ಸಂಜೆ 6ಕ್ಕೇ ಗೇಟು, ಕಾರುಗಳಿಗೆ ರಾತ್ರಿ 9ಕ್ಕೆ. ಮತ್ತೆ ತೆಗೆಯುವುದು ಬೆಳಗ್ಗೆ 6ಕ್ಕೆ. ರಾತ್ರಿ ರಸ್ತೆ ದಾಟುವ ಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯುತ್ತಿದ್ದವು, ಅದಕ್ಕೇ ಈ ನಿಯಮ. ನಮಗೆ ತೊಂದರೆಯಾದರೂ ಇದು ಸರಿ ಅಂತಲೇ ನನ್ನ ಅಭಿಪ್ರಾಯ. ಪಳನಿಯಲ್ಲೇ ರೂಮು ಮಾಡಿ, ಮರುದಿನ ಅವ್ವನನ್ನು ಹಗ್ಗದಿಂದ ಎಳೆಯುವ ವಿಂಚ್ ಗಾಡಿಯಲ್ಲಿ ಬೆಟ್ಟ ಹತ್ತಿಸಿ, ಮುಡಿ ಕೊಟ್ಟು ಬಂದೆವು.

ಹಾಗಾಗಿ ನೀವು ಕಿಲೋಮೀಟರ್ ನೋಡಿ ಲೆಕ್ಕ ಹಾಕಬೇಡಿ, ಗೇಟಿನ ಹೊತ್ತು ನೋಡಿ ಹಾಕಿ. ಬೆಳಗ್ಗೆಯೇ ಘಾಟಿ ಇಳಿದುಬಿಡಿ. ಪಳನಿಯಲ್ಲಿ ಒಂದು ರಾತ್ರಿ ಉಳಿಯುವ ಹಾಗೇ ಹೊರಡಿ. ಎಲ್ಲರಿಗೂ ಸಾಕು ಅನ್ನಿಸುವ ನೀರಿನ ಎರಡರಷ್ಟು ಇಟ್ಟುಕೊಳ್ಳಿ. ಅಪ್ಪ ಅಮ್ಮನ ಮಾತ್ರೆಗಳು ಡಿಕ್ಕಿಯಲ್ಲಿ ಬೇಡ, ಕೈಗೆ ಸಿಗುವ ಕಡೆ ಇರಲಿ. ಇಳಿಯುವಾಗ ಎರಡನೇ ಗೇರಿನಲ್ಲೇ ಬನ್ನಿ, ಬ್ರೇಕು ಬಿಸಿಯಾಗುವುದಿಲ್ಲ. ತಿರುವಿನಲ್ಲಿ ಲಾರಿ ಹತ್ತುತ್ತಿರುವುದು ಕಂಡರೆ ಮೇಲೆಯೇ ದೂರದಲ್ಲಿ ನಿಲ್ಲಿ, ಅದಕ್ಕೆ ಪೂರ್ತಿ ರಸ್ತೆ ಬೇಕು. ಮಕ್ಕಳು ಕೋತಿಗೆ ಬಿಸ್ಕತ್ತು ಎಸೆಯದಂತೆ ನೋಡಿಕೊಳ್ಳಿ. ಸಾಲು ನಿಂತಿದ್ದರೆ ದಯವಿಟ್ಟು ಸಾಲಿನಲ್ಲೇ ಇರಿ, ಮುಂದಿನ ಕಾರು ನುಗ್ಗಿದರೂ ಅದರ ಹಿಂದೆ ಹೋಗಬೇಡಿ.

ಹೊರಡುವ ದಿನ ಘಾಟಿ ಬಂದ್ ಅಂತ ಮೊದಲೇ ಗೊತ್ತಾದರೆ, ಕೊಳ್ಳೇಗಾಲ, ಹನೂರು, ಗರಿಕೆಕಂಡಿ, ಬರ್ಗೂರು ಮೇಲೆ ಅಂದಿಯೂರಿಗೆ ಇಳಿಯುವ ದಾರಿಯೂ ಇದೆ. ಸುತ್ತು ಜಾಸ್ತಿ, ಅದೂ ಘಾಟಿಯೇ. ಜೋರು ಮಳೆಯಿದ್ದರೆ ಆ ಕಡೆ ಹೋಗಬೇಡಿ, ಮಣ್ಣು ಕುಸಿಯುತ್ತದೆ.